ಆತ್ರಿ ಎಂದವನು ನಾನು

ಫಕೀರಗೌಡರ ಕಿವಿ ಅಂದೂ ಸರಿಯಾಗಿತ್ತು, ಇಂದೂ ಸರಿಯಾಗಿದೆ. ಅವರು ತಪ್ಪು ಕೇಳಿಸಿಕೊಳ್ಳಲಿಲ್ಲ, ನಾನು ತಪ್ಪು ಹೇಳಿದೆ. ಹೇಳಿ, ಆಮೇಲೆ ಹೇಳಲೇ ಇಲ್ಲವೆಂದು ಸಾಧಿಸಿದೆ. ಸವಣೂರಿನ ಎಲೆ ಪೇಟೆಯಿಂದ ಹಿರೇಕೆರೂರಿನ ತನಕ ಯಾರಾದರೂ ಪೊಳ್ಳು ಭರವಸೆ ಕೊಟ್ಟರೆ "ಇದು ಗೌಡ್ರ ಆತು ಆಗಬಾರ್ದ್ ನೋಡ್ರಿ ಮತ್ತ" ಎಂದು ನೀವೆಲ್ಲ ನಗುತ್ತೀರಲ್ಲ—ಆ 'ಆತು' ಗೌಡರದಲ್ಲ. ಅದು ನನ್ನದು. ನೀವು ಆರಿಸಿ ಕಳಿಸಿದ ಮೆಂಬರನದು, ಹಾನಗಲ್ಲಿನ ಈ ವಕೀಲನದು.

ತಪ್ಪೊಪ್ಪಿಕೊಳ್ಳುವವನು ಮುಖ ಗಂಟು ಹಾಕಿಕೊಂಡು ಕೂರಬೇಕು ಎಂಬುದು ನನಗೂ ಗೊತ್ತು. ಆದರೆ ಆ ದಿನಗಳನ್ನು ನೆನೆದರೆ ಮೊದಲು ನಗೆ ಬರುತ್ತದೆ, ನಾಚಿಕೆ ಆಮೇಲೆ ಬರುತ್ತದೆ. ಬಂದ ಹಾಗೆಯೇ ಬರೆಯುತ್ತೇನೆ.

ಮುಂಬಯಿ ವಿಧಾನಸಭೆಯಲ್ಲಿ ನಮ್ಮವರೇ ಮೊದಲ ಸಲ ಮಂತ್ರಿಗಳಾಗಿದ್ದ ಕಾಲ ಅದು. ನಮ್ಮ ಕಡೆಯಿಂದ ದುಂಡಸಿಯ ಫಕೀರಗೌಡರು ಆರಿಸಿ ಹೋಗಿದ್ದರು. ಐವತ್ತು ದಾಟಿದ ಒಕ್ಕಲಿಗರು, ಮಾತಿನಲ್ಲಿ ಅವರನ್ನು ಗೆದ್ದವರನ್ನು ನಾನು ಕಂಡಿಲ್ಲ. ಇಂಗ್ಲಿಷ್ ಮಾತ್ರ ಒಂದಕ್ಷರ ಬಾರದು. "ನಾ ಕನ್ನಡದಾಗ ಮಾತಾಡ್ತೇನಿ, ಅದಕ್ಕ ಅಲ್ಲಿ ದುಭಾಷಿ ಅದಾರಂತ. ಅವರ ಇಂಗ್ಲಿಷ್ ನನಗ ಹೇಳಾಕ ನೀ ಬಾ ತಮ್ಮಾ" ಎಂದು ನನ್ನನ್ನು ಕರೆದರು. ಆಗ ನನಗೆ ಕರೀ ಕೋಟು ಹೊಸದು, ಕಕ್ಷಿದಾರರು ಕಮ್ಮಿ. ಸಮುದ್ರ ನೋಡುವ ಆಸೆಯಿತ್ತು. ಹೋದೆ.

ಗೌಡರು ಒಂದೇ ಸಂಗತಿ ಹಿಡಿದುಕೊಂಡು ಹೋಗಿದ್ದರು. ದುಂಡಸಿ, ತಡಸದ ರೈತರು ಅಡವಿಯ ಅಂಚಿನಲ್ಲೇ ಇದ್ದರೂ ಅಡವಿಯ ಕಾಯ್ದೆ ಪ್ರಕಾರ ಬಿದ್ದ ಒಣ ಕಟ್ಟಿಗೆಯನ್ನಷ್ಟೇ ತರಬಹುದು. ಹೊಲ ಹದ ಮಾಡುವ ಕುಂಟಿಗೂ ಬಿತ್ತುವ ಕೂರಿಗೆಗೂ ಗಟ್ಟಿಯಾದ ಹಸಿ ಮರ ಬೇಕು. ಅದಕ್ಕೆ ಕೊಡಲಿ ಹಚ್ಚಿದರೆ ಅಪರಾಧ. ಬೇಸಾಯದ ಸಾಮಾನಿನ ಮಟ್ಟಿಗೆ ಮರ ಕಡಿಯಲು ಪರವಾನಗಿ ಕೊಡಿ ಎಂಬುದು ಗೌಡರ ಬೇಡಿಕೆ.

ಭಾಷಣದ ದಿನ ನಾನು ಮೇಲಿನ ಪ್ರೇಕ್ಷಕರ ಗ್ಯಾಲರಿಯಲ್ಲಿದ್ದೆ. ಗೌಡರು ಎದ್ದು ತಲೆಯ ಪಟಕಾ ಸರಿಮಾಡಿಕೊಂಡು ಶುರು ಮಾಡಿದರು. "ಅಧ್ಯಕ್ಷರ, ಬಿದ್ದ ಕಟಗೀಲೆ ಕುಂಟಿ ಮಾಡಿದ್ರ ಅದು ನಮ್ಮಜ್ಜನಂಗ ಎರಡ ಹೆಜ್ಜಿ ನಡದು ಕುಂತ ಬಿಡ್ತೈತ್ರಿ. ನಾವು ಮುಂಜಾನೆ ಎದ್ದು ಕುಂಟಿ ಹೊಡೆಯೋ ಮಂದಿ. ಕುಂಟಿ ಹೊಡೀಲಿಲ್ಲಂದ್ರ ನಮಗ ರೊಟ್ಟಿ ಇಲ್ಲ."

ದುಭಾಷಿಗಳು ಕರಾವಳಿಯ ಕಡೆಯವರು, ಪುಸ್ತಕದ ಕನ್ನಡದಲ್ಲಿ ಪಂಡಿತರು. ನಮ್ಮ ಕುಂಟಿಯನ್ನು ಅವರು ಎಲ್ಲಿ ಕಂಡಿದ್ದರು? ಗಂಭೀರವಾಗಿ ಇಂಗ್ಲಿಷಿನಲ್ಲಿ ಹೇಳಿದರು—ಮಾನ್ಯ ಸದಸ್ಯರ ಸೀಮೆಯಲ್ಲಿ ಗಂಡಸರು ದಿನಾ ಬೆಳಿಗ್ಗೆ ಎದ್ದು ಕುಂಟುವ ಹೆಂಗಸೊಬ್ಬಳನ್ನು ಹೊಡೆಯುತ್ತಾರೆ, ಹೊಡೆಯದಿದ್ದರೆ ಅವರಿಗೆ ಊಟವಿಲ್ಲ. ಒಬ್ಬ ಮಹಿಳಾ ಸದಸ್ಯೆ ಕೆಂಪಾಗಿ ಎದ್ದು ನಿಂತರು, ಅವರ ಬೆನ್ನಿಗೆ ಇನ್ನೂ ನಾಲ್ಕು ಮಂದಿ ಎದ್ದರು. ತಮ್ಮ ಮಾತು ಮೆಚ್ಚಿಯೇ ಇವರೆಲ್ಲ ಏಳುತ್ತಿದ್ದಾರೆಂದು ಗೌಡರು ಸುತ್ತಲೂ ತಿರುಗಿ ಕೈ ಮುಗಿದರು.

ನಾನು ಸಭೆಯ ಪಟ್ಟೆವಾಲನ ಕೈಯಲ್ಲಿ ದುಭಾಷಿಗಳಿಗೊಂದು ಚೀಟಿ ಕೊಟ್ಟು ಕೆಳಗೆ ಓಡಿಸಿದೆ. ಕುಂಟಿ ಹೆಂಗಸಲ್ಲವೆಂದೂ ಎತ್ತು ಎಳೆಯುವ ಸಾಮಾನೆಂದೂ ತಿಳಿದಾಗ ಇಡೀ ಸಭೆ ನಕ್ಕಿತು. ಎದ್ದು ನಿಂತಿದ್ದ ಆ ತಾಯಿ ಎಲ್ಲರಿಗಿಂತ ಹೆಚ್ಚು ನಕ್ಕರು. ಆಮೇಲೆ ಗೌಡರ ಮಾತನ್ನು ಎಲ್ಲರೂ ಕಿವಿಗೊಟ್ಟು ಕೇಳಿದರು. ನೋಡಿ, ಇನ್ನೊಬ್ಬರ ತಪ್ಪು ತಿದ್ದಲು ನನಗೆ ಅರೆಗಳಿಗೆ ಸಾಕಾಯಿತು.

ಮಂತ್ರಿಗಳ ಉತ್ತರ ಮರುದಿನ ಮಧ್ಯಾಹ್ನಕ್ಕಿತ್ತು. ಇಂಗ್ಲಿಷಿನಲ್ಲಿ ಅದನ್ನು ಕೇಳಿ ಗೌಡರಿಗೆ ಹೇಳುವುದು—ನನ್ನನ್ನು ಅಷ್ಟು ದೂರ ಕರೆದೊಯ್ದದ್ದೇ ಅದಕ್ಕೆ. ಹಿಂದಿನ ರಾತ್ರಿ ಎರಡು ಸಿನೆಮಾ ನೋಡಿದ್ದೆ. ಹೊಟ್ಟೆ ತುಂಬ ಉಂಡಿದ್ದೆ. ಗ್ಯಾಲರಿಯಲ್ಲಿ ಪಂಖ ತಿರುಗುತ್ತಿತ್ತು. ಮಂತ್ರಿಗಳು ಎದ್ದದ್ದು ನೆನಪಿದೆ. ಆಮೇಲೆ ಕಣ್ಣು ತೆರೆದಾಗ ಎಲ್ಲರೂ ಹೊರಡುತ್ತಿದ್ದರು.

ಗಡಬಡಿಸಿ ಇಳಿದೆ. ಮೆಟ್ಟಿಲ ಬುಡದಲ್ಲಿ ಗೌಡರು ಮುಖ ಮೇಲೆತ್ತಿ ನಿಂತಿದ್ದರು.

"ಏನಾತೋ ತಮ್ಮಾ?"

"ಆತ್ರಿ ಗೌಡ್ರ."

ಇವತ್ತಿನ ಸಭೆ ಮುಗಿಯಿತು, ನಡೆಯಿರಿ, ಚಹಾ ಕುಡಿಯೋಣ—ನಾನು ಹೇಳಿದ್ದು ಅಷ್ಟೇ. ನಮ್ಮ 'ಆತು' ನಿಮಗೆ ಗೊತ್ತಲ್ಲ. ಊಟವಾದರೂ ಆತು, ಸಂತೆ ಮುಗಿದರೂ ಆತು, ಹೆಣ್ಣು ಕೊಡಲು ಒಪ್ಪಿದರೂ ಆತು. ಗೌಡರು ಕೇಳಿದ್ದು ಪರವಾನಗಿಯ ವಿಷಯ. ಅವರ ಪಾಲಿಗೆ ಪರವಾನಗಿ ಆಯಿತು. ನನ್ನನ್ನು ತಬ್ಬಿಕೊಂಡು, ಆ ದೊಡ್ಡ ಕಟ್ಟಡದ ಬಾಗಿಲಲ್ಲಿ, ಅಷ್ಟು ಮಂದಿಯ ನಡುವೆ, ಅತ್ತೇ ಬಿಟ್ಟರು.

ಆಗಲೇ ಹೇಳಬೇಕಿತ್ತು. ಹೇಳಿದರೆ—ನಿದ್ದೆ ಮಾಡಿದ್ದೆನೆಂದು ಒಪ್ಪಬೇಕಿತ್ತು. ಅಷ್ಟೇ, ಅದಕ್ಕಿಂತ ದೊಡ್ಡ ಅಡ್ಡಿ ಏನೂ ಇರಲಿಲ್ಲ. ಚಹಾ ಕುಡಿಯುತ್ತ ಹೇಳಿದರಾಯಿತು ಅಂದುಕೊಂಡೆ. ಅವರು ಚಹಾಕ್ಕೂ ನಿಲ್ಲದೆ ತಾರು ಕಚೇರಿಗೆ ನಡೆದಿದ್ದರು. ದುಂಡಸಿಯಲ್ಲಿದ್ದ ತಮ್ಮನಿಗೆ ಒಂದೇ ಮಾತಿನ ತಾರು: ಆತು. ಇದು ಯಾವ ಭಾಷೆ ಎಂದು ಗುಮಾಸ್ತ ಕೇಳಿದ್ದಕ್ಕೆ, "ನೀವು ಬರೀರಿ, ನಮ್ಮೂರಾಗ ತಿಳೀತೈತಿ" ಅಂದರಂತೆ.

ಮಂತ್ರಿಗಳು ನಿಜವಾಗಿ ಹೇಳಿದ್ದನ್ನು ಮರುದಿನ ಪತ್ರಿಕೆಯಲ್ಲಿ ಓದಿದೆ. ಸರಕಾರ ಸಹಾನುಭೂತಿಯಿಂದ ವಿಚಾರ ಮಾಡುವುದು—ಇಷ್ಟೇ. ಹೆಣ್ಣು ನೋಡಿ ಬಂದವರು 'ವಿಚಾರ ಮಾಡಿ ಹೇಳ್ತೇವಿ' ಎಂದರೆ ಏನರ್ಥವೆಂದು ನಮ್ಮಲ್ಲಿ ಕೂಸಿಗೂ ಗೊತ್ತು. ಇನ್ನೊಂದು ತಾರು ಕೊಡಬಹುದಿತ್ತು. ಕೊಡಲಿಲ್ಲ. ಪತ್ರಿಕೆ ಮಡಚಿ ಹಾಸಿಗೆಯ ಕೆಳಗಿಟ್ಟೆ.

ತಾರು ತಲುಪಿದ ಮೇಲೆ ದುಂಡಸಿಯಲ್ಲಿ ನಡೆದದ್ದನ್ನು ನಿಮ್ಮಲ್ಲಿ ಎಷ್ಟೋ ಮಂದಿ ಕಣ್ಣಾರೆ ಕಂಡಿದ್ದೀರಿ. ಕೊಡಲಿಗಳಿಗೆ ಕುಂಕುಮ ಹಚ್ಚಿ, ಹಲಗೆ ಬಾರಿಸುತ್ತ, ಬುತ್ತಿ ಕಟ್ಟಿಕೊಂಡು ಇಡೀ ಊರು ಅಡವಿಗೆ ಹೋಯಿತಂತೆ. ತಡಸದವರೂ ಬಂದು ಕೂಡಿದರಂತೆ. ಅಡ್ಡಬಂದ ಗಾರ್ಡನಿಗೆ ಗೌಡರ ತಮ್ಮ ತಾರು ತೋರಿಸಿದಾಗ, ಆ ಪುಣ್ಯಾತ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಹಂಗಾರ ಆ ಕಡೆ ಹೋಗ್ರಿ, ಅಲ್ಲಿ ನೆಟ್ಟಗ ಅದಾವು" ಎಂದು ಒಳ್ಳೆ ಮತ್ತಿಯ ಮರಗಳನ್ನು ತಾನೇ ತೋರಿಸಿದನಂತೆ. ಬಡಗಿಯ ಕೈಗೆ ಬಿಡುವಿಲ್ಲ, ಓಣಿ ಓಣಿಯಲ್ಲಿ ಹೊಸ ಕುಂಟಿ.

ಮೂರು ದಿನ ಕಳೆಯುವುದರೊಳಗೆ ಅಡವಿ ಖಾತೆಯ ಮೇಲಿನ ಸಾಹೇಬರು ಬಂದರು. ಗಂಡಸರನ್ನೆಲ್ಲ ಶಿಗ್ಗಾವಿಗೆ ನಡೆಸಿದರು, ಹೊಸ ಕುಂಟಿಗಳನ್ನು ಜಪ್ತಿ ಮಾಡಿ, ಗಾಡಿಗೆ ಹೇರಿ, ಖಟ್ಲೆಯ ಮುದ್ದೆಮಾಲೆಂದು ಕಚೇರಿಯ ಗೋಡೆಗೆ ಸಾಲಾಗಿ ನಿಲ್ಲಿಸಿದರು. ಹಳೆಯವನ್ನು ಆಗಲೇ ಒಡೆದು ಒಲೆಗೆ ಹಾಕಿದ್ದವರೂ ಇದ್ದರು. ಆ ವರ್ಷ ಎಷ್ಟೋ ಹೊಲಗಳು ಬೇರೆಯವರ ಕುಂಟಿಗಾಗಿ ಕಾಯ್ದು ತಡವಾಗಿ ಹದಗೊಂಡವು. ಇಲ್ಲಿ ನನ್ನ ನಗೆ ನಿಲ್ಲುತ್ತದೆ.

ಅಧಿವೇಶನ ಮುಗಿಸಿ ನಾವು ರೈಲು ಹತ್ತಿದಾಗ ಈ ಸುದ್ದಿ ನಮಗೆ ತಿಳಿದಿರಲಿಲ್ಲ. ಆದರೂ ಗೌಡರಿಗೆ ನಿಜ ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿ ತೆರೆದೆ. ಪುಣೆ ದಾಟಲಿ ಅಂದುಕೊಂಡೆ. ಮಿರಜ ದಾಟಲಿ ಅಂದುಕೊಂಡೆ. ಅವರು ಪ್ರತಿ ಸ್ಟೇಶನ್ನಿನಲ್ಲಿ ನನಗೆ ಏನಾದರೂ ಕೊಡಿಸುತ್ತಿದ್ದರು, ಬಾಯಿ ತುಂಬಿರುತ್ತಿತ್ತು.

ಶಿಗ್ಗಾವಿಯಲ್ಲಿ ಮೋಟಾರು ಇಳಿದರೆ ಕಚೇರಿಯ ಅಂಗಳದ ತುಂಬ ದುಂಡಸಿ, ತಡಸದವರೇ. ಹುಣಸೆ ಮರದ ಕೆಳಗೆ ಕೂತಿದ್ದವರು ಎದ್ದರು. "ಗೌಡ್ರ, ಆತು ಅಂತ ತಾರು ಹೊಡದಿದ್ರೆಲ್ಲ?"

ಗೌಡರು ನನ್ನ ಕಡೆ ತಿರುಗಿದರು. ಸಿಟ್ಟಿನಿಂದಲ್ಲ, ಕಕ್ಕಾಬಿಕ್ಕಿಯಾಗಿ. "ತಮ್ಮಾ, ನೀ ಆತು ಅಂದಿದ್ದೆಲ್ಲೋ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಮುದ್ದೆಮಾಲಿನ ಕುಂಟಿಗಳು ಕೂಡ ನೋಡುತ್ತಿವೆ ಅನ್ನಿಸಿತು. ನಾನು ಹೇಳಿದೆ—ಆ ಮಾತನ್ನು ಇಲ್ಲಿ ಇದ್ದ ಹಾಗೆ ಬರೆಯುತ್ತೇನೆ, ಒಂದಕ್ಷರ ನುಂಗುವುದಿಲ್ಲ—

"ಇಲ್ರಿ ಗೌಡ್ರ. 'ನೋಡೂಣು ಅಂದಾರ' ಅಂದಿದ್ದೆ. ಮೆಟ್ಟಲದಾಗ ಭಾಳ ಗದ್ದಲ ಇತ್ತು. ನಿಮಗ ಹಂಗ ಕೇಳಿರಬೇಕು."

ಗೌಡರು ಬಲಗಿವಿಯ ಮೇಲೆ ಕೈಯಿಟ್ಟುಕೊಂಡರು. ಓದಿದ ಹುಡುಗ ಸುಳ್ಳು ಹೇಳಬಹುದೆಂದು ಅವರಿಗೆ ಹೊಳೆಯಲೇ ಇಲ್ಲ. ತಮ್ಮ ಕಿವಿಯೇ ಸುಳ್ಳು ಹೇಳಿರಬೇಕು ಅಂದುಕೊಂಡರು. "ಇದ್ದೀತು, ವಯಸ್ಸಾತು" ಎಂದರು. ಆಮೇಲೆ ಹುಣಸೆ ಮರದ ಕಡೆ ತಿರುಗಿ ಕೈ ಮುಗಿದರು. "ತಪ್ಪು ನಂದ ಐತ್ರೆಪಾ. ಕೇಳಾಕ ಬರಲಾರದವ ಕೇಳಿ ಬಂದೆ."

ಖಟ್ಲೆ ನಾನೇ ನಡೆಸಿದೆ, ಪುಕ್ಕಟೆ. ಇಂಗ್ಲಿಷ್ ಬಾರದ ಮುದುಕರೊಬ್ಬರು ತಪ್ಪು ತಿಳಿದದ್ದನ್ನು ನಂಬಿದ ಮುಗ್ಧ ಜನ ಇವರು ಎಂದು ಮಾಮಲೇದಾರರ ಮುಂದೆ ಸೊಗಸಾಗಿ ವಾದಿಸಿದೆ. ಗೌಡರು ಮುಂದೆಯೇ ಕೂತು ಪ್ರತಿ ಮಾತಿಗೂ ಹೌದೆಂದು ತಲೆಯಾಡಿಸಿದರು. ಎಲ್ಲರಿಗೂ ತಾಕೀತು ಮಾಡಿ ಬಿಟ್ಟರು. ಮುದ್ದೆಮಾಲು ಮಾತ್ರ ಬಿಡಲಿಲ್ಲ. ಹೊರಗೆ ಬಂದಾಗ ನನ್ನ ಕೊರಳಿಗೆ ಹಾರ ಬಿತ್ತು. ಹಾರ ತಂದವರಲ್ಲಿ ಗೌಡರ ತಮ್ಮನೂ ಇದ್ದ. ಅಂದಿನಿಂದ ನನಗೆ ಕಕ್ಷಿದಾರರ ಕೊರತೆಯಾಗಲಿಲ್ಲ.

ಆಮೇಲೆ ಲಢಾಯಿ ಶುರುವಾಯಿತು, ಮಂತ್ರಿಗಳು ರಾಜೀನಾಮೆ ಕೊಟ್ಟರು, ಕುಂಟಿಯ ಮಾತು ಎಲ್ಲರಿಗೂ ಮರೆಯಿತು. ಗೌಡರು ಮಾತ್ರ ಬದಲಾದರು. ಕಿವಿಗೆ ಬೆಳ್ಳುಳ್ಳಿ ಎಣ್ಣೆ ಬಿಟ್ಟುಕೊಳ್ಳುವುದು ಶುರುವಾಯಿತು. "ಏನಂದ್ರಿ? ಇನ್ನೊಮ್ಮೆ ಅನ್ರಿ" ಎನ್ನದೆ ಯಾವ ಮಾತನ್ನೂ ನಂಬರು. ಎತ್ತಿನ ವ್ಯಾಪಾರಕ್ಕೆ ಹೋದರೆ ತಮ್ಮನನ್ನು ಜೊತೆಗೆ ಕರೆದೊಯ್ಯುತ್ತಿದ್ದರು—ನೀ ಕೇಳು, ನನಗ ಹೇಳು ಎಂದು. ಮೊಮ್ಮಗಳಿಗೆ ಹೆಸರಿಟ್ಟಾಗ ಆ ಹೆಸರನ್ನು ಮತ್ತೆ ಮತ್ತೆ ಕೇಳಿ ಖಾತ್ರಿ ಮಾಡಿಕೊಂಡರಂತೆ. ಊರು ನಕ್ಕಿತು, ನಾನೂ ನಕ್ಕೆ. ಚಾವಡಿಯಲ್ಲಿ ಒಂದು ಕಾಲಕ್ಕೆ ಎಲ್ಲರನ್ನೂ ಮಾತಿನಲ್ಲಿ ಕಟ್ಟಿಹಾಕುತ್ತಿದ್ದ ಮನುಷ್ಯ ಮೂಲೆಯಲ್ಲಿ ಸುಮ್ಮನೆ ಕೂರಲು ಕಲಿತರು.

ಲಢಾಯಿ ಮುಗಿದು ಮತ್ತೆ ಚುನಾವಣೆ ಬಂದಾಗ ಎಲ್ಲರೂ ಅವರ ಮನೆಗೇ ಹೋದರು. ಅವರು ನನ್ನನ್ನು ಕರೆಸಿದರು. "ಕಿವಿ ಇಲ್ಲದವ ಆ ಸಭಾಕ್ಕ ಹೋಗಿ ಮಾಡೂದೇನೈತಿ? ನಿನಗ ಎರಡೂ ಭಾಷಾ ಬರ್ತಾವ. ನೀ ನಿಲ್ಲು, ನಾ ಊರೂರು ತಿರಗತೇನಿ." ತಿರುಗಿದರು. ನೀವು ಓಟು ಹಾಕಿದಿರಿ. ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ... ಇಲ್ಲ, ಇದೂ ಸುಳ್ಳು. ಬೇಡವೆನ್ನಲು ನನಗೆ ಮನಸ್ಸೇ ಇರಲಿಲ್ಲ.

ಕಳೆದ ತಿಂಗಳು ಅದೇ ಸಭೆಯಲ್ಲಿ ಅದೇ ಬೇಡಿಕೆ ಮಂಡಿಸಿದೆ. ಈಗ ನಾನೇ ಇಂಗ್ಲಿಷಿನಲ್ಲಿ ಹೇಳಿದ್ದರಿಂದ ಯಾರೂ ನಗಲಿಲ್ಲ, ಹೆಚ್ಚಿಗೆ ಯಾರೂ ಕೇಳಲೂ ಇಲ್ಲ. ಮಂತ್ರಿಗಳು ಬೇರೆ, ಉತ್ತರ ಅದೇ. ಊರಿಗೆ ಬಂದವನು ಗೌಡರಿಗೆ ವರದಿ ಒಪ್ಪಿಸಲು ದುಂಡಸಿಗೆ ಹೋದೆ. ಕಟ್ಟೆಯ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದರು.

"ವಿಚಾರ ಮಾಡ್ತೇವಿ ಅಂದಾರ್ರಿ" ಎಂದೆ.

"ಏನಂದ್ರು? ಇನ್ನೊಮ್ಮೆ ಅನ್ನು."

ಅಂದೆ.

"ವಿಚಾರ ಮಾಡ್ತೇವಿ ಅಂದ್ರು, ಹೌದಿಲ್ಲೋ? ನಾ ಸರಿ ಕೇಳಿದೆ ಹೌದಿಲ್ಲೋ?" ಹೊಸೆಯುವುದನ್ನು ಬಿಟ್ಟು ಕಿವಿಯನ್ನು ನನ್ನ ಬಾಯಿಯ ಹತ್ತಿರ ತಂದರು. ಆ ಕಿವಿಯಲ್ಲಿ ಹತ್ತಿ ಇತ್ತು.

ಅಲ್ಲಿಯೇ ಹೇಳಿದೆ. ನಿದ್ದೆಯಿಂದ ಹಿಡಿದು ಹುಣಸೆ ಮರದ ತನಕ. ನಾನು 'ಆತ್ರಿ' ಎಂದದ್ದು ನಿಜ, ನೀವು ಕೇಳಿದ್ದು ನಿಜ, ಆಮೇಲೆ ನಾನು ಹೇಳಿದ್ದು ಮಾತ್ರ ಸುಳ್ಳು ಎಂದೆ. ನಾನು ಒದೆತಕ್ಕೂ ತಯಾರಾಗಿದ್ದೆ, ಬೈಗುಳಕ್ಕೂ ತಯಾರಾಗಿದ್ದೆ.

"ಹಂಗಾರ ನನ್ನ ಕಿವಿ ಸರಿ ಇದ್ದುವು" ಎಂದರು.

ಕಿವಿಯ ಹತ್ತಿ ತೆಗೆದು ಎಸೆದರು. ಮುಖದಲ್ಲಿ ಹಬ್ಬದ ಕಳೆ. ಒಳಗೆ ತಿರುಗಿ, "ಕೇಳಿದ್ಯೇನ? ನಾ ಸರಿಯಾಗೇ ಕೇಳಿದ್ದೆನಂತ" ಎಂದು ಕೂಗಿದರು. ಒಳಗಿನಿಂದ ಯಾರೂ ಓಗೊಡಲಿಲ್ಲ. ಅವರ ಹೆಂಡತಿ ತೀರಿಕೊಂಡು ಎರಡು ವರ್ಷವಾಗಿದೆ, ಸಂತೋಷದಲ್ಲಿ ಅದು ಅವರಿಗೆ ಮರೆತಿತ್ತು. ಆಮೇಲೆ ನೆನಪಾಯಿತು. ಮತ್ತೆ ಹಗ್ಗ ಎತ್ತಿಕೊಂಡು, ಅದನ್ನೇ ನೋಡುತ್ತ, ಮೆಲ್ಲಗೆ ಹೇಳಿದರು.

"ಆಕಿ ಇದ್ದಾಗ ಹೇಳಬೇಕಿತ್ತು ತಮ್ಮಾ. ಸಾಯೂತನಕ ನನ್ನ ಕಿವಿಗೆ ಎಣ್ಣಿ ಕಾಸಿದ್ಲು."

ಇಷ್ಟೇ ಅಂದರು. ನಾಳೆ ದುಂಡಸಿಯ ಚಾವಡಿಯಲ್ಲಿ ನಿಮ್ಮೆಲ್ಲರ ಮುಂದೆ ಇದನ್ನು ಓದುತ್ತೇನೆ. ಗೌಡರು ಬರುತ್ತೇನೆಂದಿದ್ದಾರೆ. ಓದಿ ಮುಗಿಸಿ ನಾನು ಕೆಳಗೆ ಕೂರುತ್ತೇನೆ, ಆಮೇಲೆ ಅವರು ಮಾತಾಡಲಿ.