ಪರವಾಗಿಲ್ಲ ಅಂದರೆ ತೃಪ್ತಿ

ಯಾರಾದರೂ ನನ್ನೆದುರು ‘ಪರವಾಗಿಲ್ಲ’ ಎಂದರೆ ಈಗಲೂ ನನಗೆ ಮೈ ಉರಿಯುತ್ತದೆ. ಹೇಳಿದವರ ಮೇಲೆ ಸಿಟ್ಟಲ್ಲ. ಆ ಮಾತನ್ನು ಕೇಳಿಸಿಕೊಂಡು ಬಂದು, ಹಾಳೆಯ ಮೇಲೆ ಒಂದು ಗೀಟು ಎಳೆದವಳ ಮೇಲೆ ಸಿಟ್ಟು. ಗೀಟು ಎಳೆದವಳು ನಾನೇ. ಎಳೆಸಿದವರು ಇನ್ನೊಬ್ಬರಿದ್ದರು, ಅವರನ್ನೂ ಸುಮ್ಮನೆ ಬಿಡುವ ಮನಸ್ಸಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ತುಮಕೂರಿನಿಂದ ಬೆಂಗಳೂರಿಗೆ ಹೋಗಿ ಎಂ.ಎ. ಓದುತ್ತಿದ್ದೆ. ವಿಷಯ ಸಾಮಾಜಿಕ ನೀತಿ ಮತ್ತು ಆಡಳಿತ. ನಮ್ಮ ಬೀದಿಯಲ್ಲಿ ಯಾರ ನಾಲಿಗೆಯಲ್ಲೂ ಆ ಹೆಸರು ಸರಿಯಾಗಿ ಹೊರಳುತ್ತಿರಲಿಲ್ಲ. ಅಬ್ಬಾ, ಅಂದರೆ ನನ್ನ ತಂದೆ, ಟೈಲರ್. ಅಂಗಡಿಗೆ ಬಂದವರು “ಮಗಳು ಏನ್ ಓದ್ತವ್ಳೆ ಸಾಬ್ರೇ?” ಎಂದು ಕೇಳಿದರೆ, ಬಾಯಲ್ಲಿ ಕಚ್ಚಿದ್ದ ದಾರ ತೆಗೆದು, “ಸರ್ಕಾರ ಹೆಂಗ್ ನಡಸ್ಬೇಕು ಅಂತ ಓದ್ತವ್ಳೆ” ಎನ್ನುತ್ತಿದ್ದರು. ಕೇಳಿದವರು ನಗುತ್ತಿದ್ದರು. ಹೆಣ್ಣುಮಗಳನ್ನು ಇಷ್ಟು ಓದಿಸುತ್ತಾರೆಂದು ನೆಂಟರಲ್ಲಿ ಅರ್ಧ ಜನ ನಮ್ಮ ಮನೆಗೆ ಬರುವುದನ್ನೇ ನಿಲ್ಲಿಸಿದ್ದರು. ಫಸ್ಟ್ ಕ್ಲಾಸ್ ತೆಗೆಯದೆ ಆ ಬೀದಿಗೆ ಮುಖ ತೋರಿಸುವ ಧೈರ್ಯ ನನಗಿರಲಿಲ್ಲ. ಇದನ್ನು ಸಮಜಾಯಿಷಿಯೆಂದು ಹೇಳುತ್ತಿಲ್ಲ. ಆಮೇಲೆ ನಾನು ಮಾಡಿದ್ದಕ್ಕೆ ಇದೂ ಒಂದು ಕಾರಣ, ಅಷ್ಟೆ.

ಕ್ಲಾಸಿನಲ್ಲಿ ಇಂಗ್ಲೆಂಡಿನ ಬಡವರಿಗೆ ಯಾವ ಕಾಲದಲ್ಲಿ ಯಾವ ಕಾನೂನು ಬಂತು ಎಂದು ಬಾಯಿಪಾಠ ಮಾಡುತ್ತಿದ್ದೆವು. ಸ್ವೀಡನ್ನಿನ ಬಾಣಂತಿಗೆ ಎಷ್ಟು ರಜೆ ಎಂಬುದು ನನಗೆ ಗೊತ್ತಿತ್ತು. ಗುಬ್ಬಿ ತಾಲ್ಲೂಕಿನ ಬಾಣಂತಿಯ ಬಗ್ಗೆ ಎರಡು ವರ್ಷದಲ್ಲಿ ಒಬ್ಬ ಮೇಷ್ಟರೂ ಒಂದು ಮಾತು ಆಡಲಿಲ್ಲ. ನನಗೂ ಅದು ವಿಚಿತ್ರವೆನಿಸಲಿಲ್ಲ ಎನ್ನುವುದೇ ಈಗ ನಾಚಿಕೆಯ ಸಂಗತಿ.

ಕೊನೆಯ ವರ್ಷ ಪ್ರತಿಯೊಬ್ಬರೂ ಒಂದು ಪ್ರಬಂಧ ಬರೆಯಬೇಕಿತ್ತು. ನನ್ನ ಗೈಡ್ ಸದಾ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮನುಷ್ಯ. ‘ಫೀಲ್ಡ್’ ಎಂಬ ಪದವನ್ನು ಅವರು ಬಾಯ್ತುಂಬ ಹೇಳುತ್ತಿದ್ದರು, ಆದರೆ ಒಂದು ದಿನವೂ ಫೀಲ್ಡಿನ ಧೂಳು ಅವರ ಚಪ್ಪಲಿಗೆ ಹತ್ತಿದ್ದನ್ನು ನಾನು ನೋಡಿಲ್ಲ. ಹಳ್ಳಿಯ ಆರೋಗ್ಯ ಸೇವೆ ನೋಡಿಕೊಳ್ಳುವ ಒಂದು ಸಮಿತಿಯಲ್ಲಿ ಅವರೂ ಇದ್ದರು. ನಮ್ಮ ಜಿಲ್ಲೆಗೆ ಹೊಸದಾಗಿ ಒಬ್ಬ ನರ್ಸಮ್ಮನ ಹುದ್ದೆ ಬರುವುದಿತ್ತು. ಗುಬ್ಬಿಯ ಕಡೆಗೋ ಕುಣಿಗಲ್ಲಿನ ಕಡೆಗೋ ಎಂಬುದು ತೀರ್ಮಾನವಾಗಿರಲಿಲ್ಲ. “ಎರಡೂ ಕಡೆ ಒಂದೊಂದು ಊರು ತಗೊಳಮ್ಮ. ಜನಕ್ಕೆ ತೃಪ್ತಿ ಇದೆಯೋ ಇಲ್ಲವೋ ಕೇಳ್ಕೊಂಡು ಬಾ. ಎಲ್ಲಿ ತೃಪ್ತಿ ಇಲ್ಲವೋ ಅಲ್ಲಿಗೆ ನರ್ಸು. ಇದಪ್ಪ ಪಾಲಿಸಿ ಅಂದ್ರೆ” ಎಂದು ಅವರು ನನ್ನನ್ನು ಕಳುಹಿಸಿದರು. ನನ್ನ ಪ್ರಬಂಧದಿಂದ ಒಂದು ಊರಿಗೆ ನರ್ಸಮ್ಮ ಬರುತ್ತಾಳೆಂದು ನಾನು ಬೀಗಿದೆ.

ಪ್ರಶ್ನಾವಳಿ ಇಂಗ್ಲಿಷಿನಲ್ಲಿತ್ತು. ಕನ್ನಡಕ್ಕೆ ನಾನೇ ತಿರುಗಿಸಿದೆ. ಕೊನೆಯ ಪ್ರಶ್ನೆ ‘ಆರೋಗ್ಯ ಉಪಕೇಂದ್ರದ ಸೇವೆ ನಿಮಗೆ ತೃಪ್ತಿ ತಂದಿದೆಯೇ?’ ಎಂದು. ಅದರ ಮುಂದೆ ಮೂರು ಚೌಕ: ತೃಪ್ತಿ, ಅತೃಪ್ತಿ, ಹೇಳಲಾರೆ.

ಮೊದಲು ಕುಣಿಗಲ್ ಕಡೆಗೆ ಹೋದೆ. ಕೆರೆಯ ಆಚೆಯ ಒಂದು ಊರು. ಅಲ್ಲಿ ಆಗಲೇ ಒಬ್ಬ ನರ್ಸಮ್ಮ ಇದ್ದಳು, ಊರಲ್ಲೇ ವಾಸ. ಜನ ನನ್ನನ್ನು ಕೂರಿಸಿಕೊಂಡು ಅವಳ ಮೇಲೆ ಚಾಡಿ ಹೇಳಿದ್ದೇ ಹೇಳಿದ್ದು. “ಒಂಬತ್ ಗಂಟೆ ಆದ್ರೂ ಬಾಗ್ಲು ತೆಗೆಯಾಕಿಲ್ಲ ಕಣವ್ವ.” “ಮಾತ್ರೆ ಕೇಳುದ್ರೆ ನಾಳಿಕ್ ಬಾ ಅಂತಾಳೆ.” “ಸೂಜಿ ಹಾಕಿದ್ರೆ ಮೂರ್ ದಿನ ಕೈ ಎತ್ತಂಗಿಲ್ಲ.” ನಾನು ಅತೃಪ್ತಿ, ಅತೃಪ್ತಿ ಎಂದು ಗೀಟು ಎಳೆಯುತ್ತಾ ಹೋದೆ. ನಿಜ ಹೇಳಬೇಕೆಂದರೆ ಹೆರಿಗೆಯ ಹೊತ್ತಿಗೆ ಕರೆದರೆ ಆ ಹೆಂಗಸು ಎದ್ದು ಬರುತ್ತಿದ್ದಳು. ಅದನ್ನೂ ಅವರೇ ಹೇಳಿದರು. ಅದಕ್ಕೆ ನನ್ನ ಹಾಳೆಯಲ್ಲಿ ಚೌಕ ಇರಲಿಲ್ಲ.

ಆಮೇಲೆ ಗುಬ್ಬಿ ತಾಲ್ಲೂಕು. ಚೇಳೂರಿನಲ್ಲಿ ಬಸ್ಸಿಳಿದು ಹೊಲಗಳ ನಡುವೆ ಒಂದು ಗಂಟೆ ನಡೆಯಬೇಕಿತ್ತು. ಆ ಊರಿಗೂ ಕಾಗದದ ಮೇಲೆ ಉಪಕೇಂದ್ರವಿತ್ತು. ಕಟ್ಟಡಕ್ಕೆ ಬೀಗ, ಬೀಗಕ್ಕೆ ತುಕ್ಕು. ದೂರದಿಂದ ಒಬ್ಬಳು ನರ್ಸಮ್ಮ ಬಂದರೆ ಬಂದಳು, ಇಲ್ಲದಿದ್ದರೆ ಇಲ್ಲ.

ಅಲ್ಲಿ ಒಬ್ಬ ಹೆಂಗಸು ಜಗುಲಿಯ ಮೇಲೆ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದಳು. ಬಿಸಿಲಲ್ಲಿ ಬಂದ ನನ್ನನ್ನು ನೋಡಿ ಯಾರು, ಏನು ಎಂದು ಕೇಳುವ ಮೊದಲೇ ಮಜ್ಜಿಗೆ ತಂದುಕೊಟ್ಟಳು. ಕುಡಿದಾದ ಮೇಲೆ “ಯಾರ್ ಮನೆ ಮಗಳವ್ವ ನೀನು?” ಎಂದಳು. ತುಮಕೂರಿನ ಸಾಬರ ಮನೆಯವಳು ಎಂದೆ. “ಆಗ್ಲಿ, ಕುಂತ್ಕೊ” ಎಂದು ಚಾಪೆ ಹಾಸಿದಳು.

ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ಹಿಂದಿನ ವರ್ಷ ದೊಡ್ಡವಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳಂತೆ. ನೋವು ಶುರುವಾದಾಗ ಉಪಕೇಂದ್ರಕ್ಕೆ ಬೀಗ. ಗಾಡಿ ಕಟ್ಟಿಸಿ ಚೇಳೂರಿಗೆ ಹೊರಟರು. ದಾರಿಯಲ್ಲೇ ಹೆರಿಗೆಯಾಯಿತು. ಮಗಳು ಉಳಿದಳು, ಕೂಸು ಉಳಿಯಲಿಲ್ಲ. ಚಿಕ್ಕವಳನ್ನು ಕುಣಿಗಲ್ ಕಡೆಗೆ ಕೊಟ್ಟು ಆಗ ಕೆಲವೇ ತಿಂಗಳಾಗಿತ್ತು. ಅವಳ ಅತ್ತೆಮನೆಯವರು ಆಗಲೇ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು: ನಿಮ್ಮೂರಲ್ಲಿ ನರ್ಸಮ್ಮ ಇಲ್ಲ, ನಮ್ಮ ಸೊಸೆಯನ್ನು ಹೆರಿಗೆಗೆ ಕಳಿಸುವುದಿಲ್ಲ.

“ಮೊದಲ್ನೇ ಬಾಣಂತನ ತವರಲ್ಲಿ ಮಾಡ್ದೆ ಇದ್ರೆ ನಾನ್ ಎಂಥಾ ತಾಯವ್ವ?” ಎಂದಳು. ಕೈ ಹುಣಸೆಹಣ್ಣಿನ ಮೇಲೇ ಇತ್ತು. “ನಮ್ಮೂರ್ಗೆ ಒಬ್ಳು ನರ್ಸಮ್ಮ ಬಂದ್ಬುಟ್ರೆ ನನ್ ಮಗಳೂ ಬತ್ತಾಳೆ. ಅದೊಂದ್ ಬರ್ಕೊ.”

ನಾನು ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಅದೆಲ್ಲವನ್ನೂ ಬರೆದುಕೊಂಡೆ. ಗಾಡಿ, ದಾರಿ, ಕೂಸು, ಅತ್ತೆಮನೆಯವರ ಮಾತು. ಕೊನೆಗೆ ಮುದ್ರಿತ ಪ್ರಶ್ನೆಯನ್ನು ಗಿಳಿಯಂತೆ ಓದಿದೆ. ಉಪಕೇಂದ್ರದ ಸೇವೆ ನಿಮಗೆ ತೃಪ್ತಿ ತಂದಿದೆಯೇ?

ಅವಳು ನನ್ನ ಮುಖ ನೋಡಿದಳು. ತೊಡೆಯ ಮೇಲಿದ್ದ ಕಾಗದ ನೋಡಿದಳು.

“ಪರ್ವಾಗಿಲ್ಲ ಬುಡವ್ವ” ಎಂದಳು.

ಆ ಊರಿನಲ್ಲಿ ಹೆಚ್ಚುಕಮ್ಮಿ ಎಲ್ಲರ ಉತ್ತರವೂ ಅದೇ. ಪರವಾಗಿಲ್ಲ. ಮನೆಗೆ ಬಂದ ಹುಡುಗಿ, ಸರ್ಕಾರದ ಕಾಗದ ಹಿಡಿದಿದ್ದಾಳೆ, ಇವಳ ಹತ್ತಿರ ಯಾರ ಮೇಲಾದರೂ ದೂರು ಹೇಳಿ ಯಾರ ಅನ್ನಕ್ಕಾದರೂ ಕಲ್ಲು ಬಿದ್ದರೆ? ಅದಕ್ಕೆ ಪರವಾಗಿಲ್ಲ. ಎಷ್ಟು ಹೇಳಿದರೂ ಅಷ್ಟೇ, ಮಾತು ಸಾಕು, ಅದಕ್ಕೂ ಪರವಾಗಿಲ್ಲ. ಇದು ಗೊತ್ತಾಗಲು ಎಂ.ಎ. ಓದಬೇಕಿರಲಿಲ್ಲ. ನನಗೆ ಗೊತ್ತಿತ್ತು. ಹಾಗಾಗಿಯೇ ಚೌಕಗಳನ್ನು ಖಾಲಿ ಬಿಟ್ಟು ಬಂದೆ.

ಗೈಡ್ ಖಾಲಿ ಚೌಕಗಳನ್ನು ನೋಡಿ ಹುಬ್ಬು ಗಂಟಿಕ್ಕಿದರು. ಅವರು ಪರವಾಗಿಲ್ಲ ಎಂದರು ಸಾರ್, ಎಲ್ಲಿಗೆ ಹಾಕಲಿ ಎಂದೆ.

“ಏನಮ್ಮ, ಕಾಫಿ ಹೇಗಿದೆ ಅಂದ್ರೆ ಪರವಾಗಿಲ್ಲ ಅಂತೀವಿ. ಕುಡಿಯಲ್ವಾ? ಚೆನ್ನಾಗಿದೆ ಅಂತಲೇ ಅರ್ಥ. ತೃಪ್ತಿಗೆ ಹಾಕು.”

ಅಂಚಿನಲ್ಲಿ ಬರೆದಿದ್ದನ್ನು ತೋರಿಸಿದೆ. ಕೂಸು ಸತ್ತಿದೆ ಸಾರ್ ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ನೋಡಮ್ಮ, ಇದು ಕಥೆ ಬರೆಯೋ ಜಾಗ ಅಲ್ಲ. ಇವೆಲ್ಲ ಹಾಳೆಗಳನ್ನು ಸಮಿತಿಯವರು ನೋಡ್ತಾರೆ. ಪೆನ್ಸಿಲ್ ಗೀಚಾಟ ಅಳಿಸಿ ನೀಟಾಗಿ ಕೊಡು. ಇಲ್ಲಾಂದ್ರೆ ಇನ್ನೊಂದು ಫೀಲ್ಡ್‌ವರ್ಕ್ ಮಾಡು, ಮುಂದಿನ ವರ್ಷ ಪರೀಕ್ಷೆಗೆ ಕೂತ್ಕೊ.”

ಮುಂದಿನ ವರ್ಷ ಎಂದ ತಕ್ಷಣ ನಾನು ಹಾಳೆಗಳನ್ನು ಎತ್ತಿಕೊಂಡು ಹೊರಟೆ. ಅಷ್ಟು ಸಾಕಾಯಿತು ನನಗೆ. ಬೆದರಿಕೆ ಎಂಥ ಸಣ್ಣದು! ಕತ್ತಿಯಲ್ಲ, ಜೈಲಲ್ಲ, ಒಂದು ವರ್ಷ.

ತುಮಕೂರಿಗೆ ಬಂದು, ನಡುಮನೆಯಲ್ಲಿ ಹಾಳೆಗಳನ್ನು ಹರಡಿಕೊಂಡು, ರಬ್ಬರ್ ಹಿಡಿದು ಕುಳಿತೆ. ಗಾಡಿಯನ್ನು ಅಳಿಸಿದೆ. ದಾರಿಯನ್ನು ಅಳಿಸಿದೆ. ಕೂಸನ್ನು ಅಳಿಸಿದೆ. ರಬ್ಬರಿನ ಚೂರುಗಳನ್ನು ಬಾಯಿಂದ ಊದಿ, ‘ತೃಪ್ತಿ’ಯ ಚೌಕದಲ್ಲಿ ಗೀಟು ಎಳೆದೆ. ಪರವಾಗಿಲ್ಲ, ತೃಪ್ತಿ. ಪರವಾಗಿಲ್ಲ, ತೃಪ್ತಿ. ಗೊತ್ತಿಲ್ಲದೆ ಬಾಯಲ್ಲಿ ಗುನುಗುತ್ತಿದ್ದೆನಂತೆ.

ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದ ಅಮ್ಮಿ ಅದೇನು ಎಂದು ಕೇಳಿದರು. ಹೇಳಿದೆ. ಅಮ್ಮಿ ಶಾಲೆಗೆ ಹೋದವರಲ್ಲ, ಮನೆಯಲ್ಲಿ ನಾವು ಆಡುತ್ತಿದ್ದದ್ದು ಉರ್ದು. ಅವರು ಮೊರ ಕೆಳಗಿಟ್ಟು ನಕ್ಕರು.

“ಅದು ನಮ್ಮ ಮಾತಲ್ವೇನೇ? ಪರ್ವಾ ನೈ ಅಂತ ನಾವು ಅನ್ನೋದನ್ನೇ ಅವರು ಪರ್ವಾ ಇಲ್ಲ ಅಂತಾರೆ. ಪರ್ವಾ ಅಂದ್ರೆ ಕಾಳಜಿ. ಆಯಮ್ಮ ಕಾಳಜಿ ಇಲ್ಲ ಅಂತ ಅಂದವ್ಳೆ. ನೀನು ತೃಪ್ತಿ ಅಂತ ಬರೀತಿದೀಯಾ?”

ಎರಡೂ ಭಾಷೆಯಲ್ಲಿ ನಾನು ಹುಟ್ಟಿನಿಂದ ಕೇಳಿದ ಮಾತು, ಆದರೂ ಅದು ನನಗೆ ಹೊಳೆದಿರಲಿಲ್ಲ. ಆದರೆ ನಾನು ಸಿಟ್ಟಾದದ್ದು ಅಮ್ಮಿಯ ಮೇಲೆ. “ನಿಮಗೇನು ಗೊತ್ತು ಇದೆಲ್ಲ, ಸುಮ್ಮನಿರಿ” ಎಂದು ರೇಗಿದೆ. ಅಮ್ಮಿ ಮತ್ತೆ ಮೊರ ಎತ್ತಿಕೊಂಡರು. ನಾನು ಉಳಿದ ಗೀಟುಗಳನ್ನೂ ಎಳೆದು ಮುಗಿಸಿದೆ.

ಕೋಷ್ಟಕ ಅಂದವಾಗಿ ಬಂತು. ನರ್ಸಮ್ಮ ಇದ್ದ ಊರಿನಲ್ಲಿ ಅತೃಪ್ತಿ, ಬೀಗ ಹಾಕಿದ ಊರಿನಲ್ಲಿ ತೃಪ್ತಿ. ಓದಿದವರಲ್ಲಿ ಒಬ್ಬರಾದರೂ ಇದೇನು ತಲೆಕೆಳಗು ಎಂದು ಕೇಳಲಿಲ್ಲ. ಮೌಖಿಕ ಪರೀಕ್ಷೆಗೆ ಬೇರೆ ಊರಿನಿಂದ ಬಂದಿದ್ದ ಪ್ರೊಫೆಸರು ಕೋಷ್ಟಕದ ಗೆರೆಗಳನ್ನು ಹೊಗಳಿದರು. ಫಸ್ಟ್ ಕ್ಲಾಸ್ ಬಂತು. ಅಬ್ಬಾ ಅಂಗಡಿಯಲ್ಲಿ ಪೇಡ ಹಂಚಿದರು.

ಅಂಕಪಟ್ಟಿ ತರಲು ಹೋದ ದಿನ ಗೈಡ್ ಕರೆದು ಹೇಳಿದರು: “ನಿನ್ನ ಕೆಲಸ ಸಮಿತಿಗೆ ಉಪಯೋಗ ಆಯ್ತಮ್ಮ. ಹುದ್ದೆ ಕುಣಿಗಲ್ ಕಡೆಗೆ ಹೋಯ್ತು.”

ಅದು ತಪ್ಪು ಸಾರ್ ಎಂದೆ. ಗುಬ್ಬಿಯ ಕಡೆ ಯಾರೂ ಇಲ್ಲ, ಅಲ್ಲಿಯವರು ತೃಪ್ತಿ ಅಂತ ಅನ್ನಲೇ ಇಲ್ಲ, ನೀವು ಬರೆಸಿದಿರಿ, ನಾನು ಬರೆದೆ ಎಂದೆ. ಅಂಕಪಟ್ಟಿ ಕೈಗೆ ಬಂದ ಮೇಲೆ ಬಂದ ಧೈರ್ಯ ಅದು. ಅವರು ಫೈಲಿನಿಂದ ತಲೆ ಎತ್ತಲಿಲ್ಲ.

“ಪರವಾಗಿಲ್ಲ ಬಿಡಮ್ಮ. ಮುಂದೆ ಹುದ್ದೆ ಬಂದಾಗ ನೋಡೋಣ.”

ಕಾಳಜಿ ಇಲ್ಲ ಎಂಬ ಅರ್ಥದಲ್ಲಿ ಆ ಮಾತನ್ನು ಅಷ್ಟು ಸರಿಯಾಗಿ ಬಳಸಿದ ಇನ್ನೊಬ್ಬರನ್ನು ನಾನು ಕಂಡಿಲ್ಲ. ಮೇಜಿನ ಮೇಲಿದ್ದ ಶಾಯಿಯ ಬಾಟಲಿಯನ್ನು ಆ ಬಿಳಿ ಅಂಗಿಯ ಮೇಲೆ ಸುರಿಯಬೇಕು ಅನಿಸಿತು. ಸುರಿಯಲಿಲ್ಲ. ನಮಸ್ಕಾರ ಹೇಳಿ ಬಂದೆ. ಆ ನಮಸ್ಕಾರಕ್ಕೂ ನಾನು ನನ್ನನ್ನು ಕ್ಷಮಿಸಿಲ್ಲ.

ಮರುವರ್ಷ ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ಕಾರ್ಮಿಕರ ಯೋಗಕ್ಷೇಮ ನೋಡುವ ಕೆಲಸ ಸಿಕ್ಕಿತು. ದಿನಾ ಬೆಳಿಗ್ಗೆ ತುಮಕೂರು ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲುತ್ತಿದ್ದೆ. ಒಂದು ದಿನ ಯಾರೋ ನನ್ನ ಸೆರಗು ಮುಟ್ಟಿ, “ಅವ್ವ, ಕುಣಿಗಲ್ ಬಸ್ಸು ಯಾವ್ದು, ಬೋರ್ಡ್ ನೋಡಿ ಹೇಳವ್ವ” ಎಂದರು. ತಿರುಗಿ ನೋಡಿದರೆ ಅವಳೇ, ಜಗುಲಿಯ ಮೇಲೆ ಹುಣಸೆಹಣ್ಣು ಕುಟ್ಟುತ್ತಿದ್ದವಳು. ಕಂಕುಳಲ್ಲಿ ಒಂದು ಗಂಟು. ಬೆಳ್ಳುಳ್ಳಿಯ ವಾಸನೆ, ಕೊಬ್ಬರಿಯ ವಾಸನೆ. ಬಾಣಂತಿಯ ಸಾಮಾನು.

ನಾನು ಗುರುತು ಹೇಳಿದೆ. ಅವಳ ಮುಖ ಅರಳಿತು. “ಮಜ್ಜಿಗೆ ಕುಡ್ದೋಳು! ಸಾಬ್ರ ಮಗಳು!” ಚಿಕ್ಕವಳಿಗೆ ಗಂಡು ಕೂಸು ಆಗಿದೆ ಎಂದಳು. ಕುಣಿಗಲ್ಲಿನ ಕಡೆಯೇ, ಅತ್ತೆಮನೆಯಲ್ಲೇ. ಇಬ್ಬರು ನರ್ಸಮ್ಮಂದಿರು ಇದ್ದರಂತೆ ಹೆರಿಗೆಗೆ, ಒಬ್ಬಳು ಹೊಸಬಳು. ಬಾಣಂತನವನ್ನೂ ಬೀಗಿತ್ತಿಯೇ ಮಾಡುತ್ತಿದ್ದಾಳೆ.

“ನಾನು ನೆಂಟಿ ಥರ ಹೋಯ್ತಿವ್ನಿ. ಎರಡ್ ದಿನ ಇದ್ದು ಬರೋದು. ಬೀಗ್ತಿ ಮನೇಲಿ ಮಗಳ ತಲೆಗೆ ಎಣ್ಣೆ ಹಚ್ಬೇಕು ಅಂದ್ರೂ ಕೇಳ್ಬೇಕು.” ಗಂಟನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡು ನನ್ನನ್ನು ನೋಡಿದಳು. ಧ್ವನಿಯಲ್ಲಿ ಆಕ್ಷೇಪಣೆ ಇರಲಿಲ್ಲ, ಬರಿಯ ಕುತೂಹಲ. “ಅಲ್ಲಾ ಕಣವ್ವ, ಅವತ್ ಅಷ್ಟೊತ್ ಕುಂತ್ಕೊಂಡು ಬರ್ದಲ್ಲ, ಏನ್ ಬರ್ದೆ?”

ಸುಳ್ಳು ಹೇಳಬಹುದಿತ್ತು. ಬರೆದೆ ಅಕ್ಕ, ಮೇಲಿನವರು ಕಿವಿಗೆ ಹಾಕಿಕೊಳ್ಳಲಿಲ್ಲ ಎನ್ನಬಹುದಿತ್ತು. ಅವಳು ನಂಬುತ್ತಿದ್ದಳು.

“ನಿಮಗೆ ತೃಪ್ತಿ ಇದೆ ಅಂತ ಬರೆದೆ ಅಕ್ಕ. ನೀವು ಹೇಳಿದ್ದೆಲ್ಲ ಅಳಿಸಿಬಿಟ್ಟೆ. ನನ್ನಿಂದ ತಪ್ಪಾಯ್ತು” ಎಂದೆ.

ಅವಳು ಅದನ್ನು ನಿಧಾನವಾಗಿ ಅರ್ಥ ಮಾಡಿಕೊಂಡಳು. ಅದು ಅವಳ ಮುಖದಲ್ಲಿ ಕಾಣಿಸಿತು. ಅಷ್ಟರಲ್ಲಿ ಕುಣಿಗಲ್ ಬಸ್ಸು ಬಂತು. ಅದೇ ಎಂದು ಕೈ ತೋರಿಸಿದೆ. ಆ ಒಂದು ಮಾತನ್ನು ಅವಳು ಈಗ ಹೇಳುತ್ತಾಳೆ ಎಂದು ಕಾಯುತ್ತಾ ನಿಂತೆ. ಹೇಳಲಿ, ಹೇಳಿ ನನ್ನನ್ನು ಬಿಟ್ಟುಬಿಡಲಿ ಎಂದು ನಾಚಿಕೆಗೆಟ್ಟು ಕಾದೆ.

ಅವಳು ಗಂಟನ್ನು ಎದೆಗೆ ಅವಚಿಕೊಂಡು ಬಸ್ಸು ಹತ್ತಿದಳು. ಪರವಾಗಿಲ್ಲ ಅನ್ನಲಿಲ್ಲ.