ಜಗಲಿಯ ಹಿಂದಿನ ಇದ್ದಲಿ ಗೆರೆ

ಇಂದು ಬೆಳಿಗ್ಗೆ ಸೊಸೆ ಸುಮಿತ್ರಾ ದೇವರ ಜಗಲಿಯ ಹಿಂದಿನ ಗೋಡೆಯಲ್ಲಿ ಉಬ್ಬಿದ್ದ ಸುಣ್ಣ ಕೆರೆಯುತ್ತಿದ್ದಳು. ಹಸಿ ಸುಣ್ಣದ ವಾಸನೆಗೆ ನಾನೂ ಹೋಗಿ ನಿಂತೆ. ಹಪ್ಪಳದಂಥ ಪದರೊಂದು ಕಳಚಿ ಬಿತ್ತು. ಅದರಡಿ ಮೊಳದುದ್ದದ ಇದ್ದಲಿ ಗೆರೆ.

"ಇದನ್ನ ಯಾರು ಗೀಚ್ಯಾರ್ರಿ ಅತ್ತಿ?"

"ನಮ್ಮ ಅತ್ತಿಯವರು" ಎಂದೆ. ಮೂವತ್ತು ವರ್ಷ ಕಳೆದರೂ ಕೆಲವು ಗೆರೆಗಳು ಹಾಗೆಯೇ.

ಧಾರವಾಡದ ಹಳೆಯ ಓಣಿಯಲ್ಲಿ ನೀವು ಇದ್ದವರಾದರೆ ಸಾಲುಮನೆ ಎಂದರೇನು ಎಂದು ಹೇಳಬೇಕಾಗಿಲ್ಲ. ಎರಡು ಮನೆಗೆ ಒಂದೇ ಗೋಡೆ. ಆಚೆಯವರು ಮೆಣಸಿನಕಾಯಿ ಹುರಿದರೆ ಈಚೆಯವರು ಸೀನಬೇಕು. ನಮ್ಮ ದೇವರ ಜಗಲಿ ಇದ್ದ ಗೋಡೆಗೇ ಆಚೆ ಗಂಗವ್ವನ ಬಚ್ಚಲು. ಗಂಡನಿಲ್ಲದ ಗಂಗವ್ವ ರೊಟ್ಟಿ ಬಡಿದು ಮಾರಿ ಬದುಕುತ್ತಿದ್ದಳು. ಆ ಶ್ರಾವಣದಲ್ಲಿ ಅವಳ ಮಗಳು ಬಾಣಂತಿಯಾಗಿ ಬಂದಿದ್ದಳು. ದಿನಕ್ಕೆರಡು ಸಲ ಹಂಡೆಗಟ್ಟಲೆ ನೀರು ಎರೆಯುವ ಸದ್ದು ನಮ್ಮ ದೇವರಿಗೆ ಕೇಳಿಸುತ್ತಿತ್ತು.

ಆಗಲೇ ನಮ್ಮ ಗೋಡೆ ತೊಯ್ದದ್ದು. ಮೊದಲು ತಟ್ಟೆಯಷ್ಟು, ಆಮೇಲೆ ಮೊರದಷ್ಟು. ಹೂ ಏರಿಸಲು ಹೋದರೆ ಬೂಷ್ಟಿನ ವಾಸನೆ.

ನಮ್ಮ ಅತ್ತೆ ಕೆಟ್ಟವರಲ್ಲ. ಹಾಲು ಉಕ್ಕಿಸಿದರೆ ಬಯ್ಯುತ್ತಿರಲಿಲ್ಲ. ಉಕ್ಕಿದ ಹಾಲನ್ನೇ ನೋಡುತ್ತ ನಿಲ್ಲುತ್ತಿದ್ದರು. ಅದಕ್ಕಿಂತ ಬಯ್ದರೆ ವಾಸಿ ಅನಿಸುತ್ತಿತ್ತು. ಆದರೆ ಈ ಸಲ ಹಿತ್ತಲಲ್ಲಿ ನಿಂತು ಇಡೀ ಓಣಿಗೆ ಕೇಳುವಂತೆ ಕೂಗಿದರು.

"ಗಂಗವ್ವಾ, ನಿನ್ನ ಬಚ್ಚಲ ನೀರು ನನ್ನ ದೇವರ ತಲಿ ಮ್ಯಾಲೆ ಬರ್ಲಿಕ್ಕತ್ತದ!"

"ನಮ್ಮ ಬಚ್ಚಲಕ್ಕ ಗಚ್ಚು ಹಾಕೇತ್ರಿ ಬಾಯಾರ, ಒಂದು ಹನಿ ಸೋರಂಗಿಲ್ಲ. ನಿಮ್ಮ ದೇವರಿಗೇ ನೆಗಡಿ ಆಗೇತೇನೋ ನೋಡ್ರಿ!"

ಎರಡೂ ಮನೆಯ ಮಾಲಕರು ಒಬ್ಬರೇ. ಛತ್ರಿ ಹಿಡಿದು ಬಂದರು, ಮೂಲೆಯಲ್ಲಿ ಬಗ್ಗಿ ನೋಡಿದರು, ತೀರ್ಪು ಕೊಟ್ಟರು. "ಎಂಟು ದಿವಸ ಬಚ್ಚಲ ಬಂದ್ ಇಡು ಗಂಗವ್ವ. ಗ್ವಾಡಿ ಒಣಗಿತಂದ್ರ ತಪ್ಪು ನಿಂದು, ಮನಿ ಬಿಡಬೇಕು. ಒಣಗಲಿಲ್ಲಂದ್ರ ಇವರು ಸುಮ್ಮನಿರಬೇಕು."

"ಆತ್ರಿ. ಖರೇ ಯಾವುದು ಅಂತ ಗ್ವಾಡಿನ ಹೇಳ್ಲಿ" ಎಂದಳು ಗಂಗವ್ವ.

ಅತ್ತೆ ಒಲೆಯಿಂದ ಇದ್ದಲಿ ತಂದು ಒದ್ದೆಯ ಅಂಚಿಗೆ ಗೆರೆ ಎಳೆದರು.

ಈಗ ನಿಮಗೊಂದು ಮಾತು ಹೇಳಬೇಕು. ಮಾವನವರ ಪೂಜೆ ಮುಗಿದ ಮೇಲೆ ಅಭಿಷೇಕದ ನೀರನ್ನು ಅಂಗಳದ ತುಳಸಿಗೆ ಹಾಕುವುದು ನನ್ನ ಕೆಲಸ. ಆ ನೀರನ್ನು ಯಾರೂ ತುಳಿಯಬಾರದು. ನನಗಾಗ ಏಳು ತಿಂಗಳು. ಮಳೆಗೆ ಅಂಗಳದ ಕಲ್ಲೆಲ್ಲ ಪಾಚಿ. ಆಷಾಢದಲ್ಲಿ ಒಮ್ಮೆ ಜಾರಿ, ತುಳಸಿಕಟ್ಟೆ ಹಿಡಿದು ಉಳಿದಿದ್ದೆ. ಮರುದಿನದಿಂದ ನೀರನ್ನು ಜಗಲಿಯ ಹಿಂದಿನ ಇಲಿಬಿಲಕ್ಕೆ ಹೊಯ್ಯತೊಡಗಿದೆ. ಅಲ್ಲಿ ಯಾರು ತುಳಿಯುತ್ತಾರೆ? ನನ್ನ ಜಾಣತನಕ್ಕೆ ನಾನೇ ಮೆಚ್ಚಿದ್ದೆ. ಶ್ರಾವಣ ಬಂತು, ಪೂಜೆ ಹೆಚ್ಚಿತು, ನೀರೂ ಹೆಚ್ಚಿತು.

ಮಾಲಕರು ಬಗ್ಗಿ ನೋಡಿದ್ದು ಆ ಬಿಲದ ಪಕ್ಕದಲ್ಲೇ. ಅವರು ಹೋದದ್ದೇ ಬಿಲಕ್ಕೆ ಚಿಂದಿ ತುರುಕಿ, ಮರುದಿನದಿಂದ ಗೋಡೆ ಹಿಡಿದುಕೊಂಡು ನೀರನ್ನು ತುಳಸಿಗೇ ಒಯ್ದೆ. ಸಿಕ್ಕಿಬೀಳಬಾರದು ಎಂಬುದಷ್ಟೇ ತಲೆಯಲ್ಲಿತ್ತು. ನಾಲ್ಕನೆಯ ದಿನ ಒದ್ದೆ, ಗೆರೆಗಿಂತ ಗೇಣು ಕೆಳಗಿಳಿದಿತ್ತು.

"ನೋಡಿದ್ಯಾ? ಒಣಗಲಿಕ್ಕತ್ತದ" ಎಂದರು ಅತ್ತೆ.

ಆಗ ಹೊಳೆಯಿತು. ನಾನು ತಪ್ಪು ನಿಲ್ಲಿಸಿದ್ದೇ ಗಂಗವ್ವನ ಮೇಲೆ ಸಾಕ್ಷಿಯಾಗಿತ್ತು.

ಆಚೆ ಅವಳು ಹಿತ್ತಲಲ್ಲಿ ಗೋಣಿತಾಟು ಕಟ್ಟಿ, ಜಿಟಿಜಿಟಿ ಮಳೆಯಲ್ಲೇ ಮಗಳಿಗೆ ಎರೆಯುತ್ತಿದ್ದಳು. ಐದನೆಯ ದಿನ ಬಾಣಂತಿ ಕೆಮ್ಮಿದಳು. ಆರನೆಯ ದಿನ ಕೂಸು ಕೆಮ್ಮಿತು. ಗೋಡೆ ತೆಳುವಾದದ್ದು, ಎಲ್ಲವೂ ಕೇಳುತ್ತಿತ್ತು. ನನ್ನ ಹೊಟ್ಟೆಯೊಳಗಿನದು ಒದೆಯುತ್ತಿತ್ತು. ಏಳನೆಯ ದಿನ ಪಾತ್ರೆಗಳನ್ನು ಚೀಲಕ್ಕೆ ತುಂಬುವ ಸದ್ದು ಬಂತು.

ಅಂದು ಮಧ್ಯಾಹ್ನ ಅತ್ತೆ ಪುರಾಣ ಕೇಳಲು ಹೊರಟರು. ನಾನು ಚಿಂದಿ ಕಿತ್ತು ಬಿಲಕ್ಕೆ ತಂಬಿಗೆ ತಂಬಿಗೆ ನೀರು ಹೊಯ್ಯತೊಡಗಿದೆ. ಗೋಡೆ ಮತ್ತೆ ತೊಯ್ಯಬೇಕು, ಗಂಗವ್ವನೂ ಪಾರಾಗಬೇಕು, ನಾನೂ ಪಾರಾಗಬೇಕು. ಇದಕ್ಕಿಂತ ದೊಡ್ಡ ಧೈರ್ಯ ನನ್ನಲ್ಲಿರಲಿಲ್ಲ. ನಾಲ್ಕನೆಯ ತಂಬಿಗೆ ಎತ್ತಿದಾಗ ಹಿಂದೆ ನೆರಳು ಬಿತ್ತು. ಅತ್ತೆ ಛತ್ರಿ ಮರೆತು ತಿರುಗಿ ಬಂದಿದ್ದರು.

ಅವರು ಬಿಲ ನೋಡಿದರು. ಗೆರೆ ನೋಡಿದರು. ನನ್ನ ಹೊಟ್ಟೆ ನೋಡಿದರು.

"ಯಾವಾಗಿನಿಂದ?"

"ಆಷಾಢದಿಂದರಿ. ಅಂಗಳದಾಗ ಜಾರಿದ್ದೆ..."

"ಜಾರ್ತದ ಅಂತ ನನಗ ಹೇಳಲಿಕ್ಕೆ ಏನಾಗಿತ್ತು?"

"ನಿಮ್ಮ ಅಂಜಿಕಿರಿ."

ಅವರು ಉಕ್ಕಿದ ಹಾಲನ್ನು ನೋಡುವಂತೆ ನನ್ನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಹಿತ್ತಲಿಗೆ ಹೋಗಿ, ಅಂದು ನಿಂತಿದ್ದ ಜಾಗದಲ್ಲೇ ನಿಂತು, ಅಷ್ಟೇ ದೊಡ್ಡ ದನಿಯಲ್ಲಿ ಕೂಗಿದರು.

"ಗಂಗವ್ವಾ! ಮಗಳಿಗೆ ಬಚ್ಚಲದಾಗ ಎರಿ. ಗ್ವಾಡಿ ತೊಯ್ಸಿದವರು ನಾವು! ಮಾಲಕರಿಗೆ ನಾನೇ ಹೇಳ್ತೇನಿ!"

ಸ್ವಲ್ಪ ಹೊತ್ತಿಗೆ ಆಚೆಯ ಬಚ್ಚಲಲ್ಲಿ ಒಂದು ಚೊಂಬು ನೀರು ಬಿದ್ದ ಸದ್ದು. ಇನ್ನೊಂದು. ಅತ್ತೆ ಛತ್ರಿ ಎತ್ತಿಕೊಂಡು ಮಾಲಕರ ಮನೆಗೆ ಹೊರಟರು.

ಗಂಗವ್ವ ಎರಡು ತಿಂಗಳು ನಮ್ಮೊಡನೆ ಮಾತಾಡಲಿಲ್ಲ. ನನಗೆ ಹೆರಿಗೆಯಾದಾಗ ಮಾತ್ರ ಕರೆಯದೆಯೇ ಬಂದು, ಸೆರಗು ಕಟ್ಟಿ, ಎರೆಯಲು ಕೂತಳು. ಮೊದಲ ಚೊಂಬು ತಲೆಗೆ ಸುರಿಯುವಾಗ ಅಂದಳು, "ಈ ನೀರು ಎಲ್ಲಿಗೆ ಹೋಗತೈತಿ, ನೆಟ್ಟಗ ನೋಡಿಕೋ ತಂಗಿ."

ಇಂದು ಸುಮಿತ್ರಾ ಹೇಳುತ್ತಿದ್ದಾಳೆ, "ಆಚಿ ಮನಿಯವರ ಬಚ್ಚಲದ ನೀರು ಇರಬೇಕ್ರಿ ಅತ್ತಿ. ನೀವೊಮ್ಮೆ ಕೂಗಿ ಹೇಳ್ರಿ."

ಸುಳ್ಳೇಕೆ, ಕೂಗಲು ನನ್ನ ಬಾಯಿ ತೆರೆದೇ ಇತ್ತು. ಕಣ್ಣು ಗೆರೆಯ ಮೇಲೆ ಬಿತ್ತು.

"ಪೂಜಿ ನೀರು ಒಯ್ಯೋವಾಗ ತುಳಸಿಕಟ್ಟಿ ಮುಂದ ಜಾರ್ತದೇನವಾ?" ಎಂದು ಕೇಳಿದೆ.

ಅವಳು ಸುಣ್ಣದ ಚೂರುಗಳನ್ನು ಇಲಿಬಿಲದ ಬಾಯಿಗೆ ಗುಡ್ಡೆ ಮಾಡತೊಡಗಿದಳು. ನಾನು ತೆಂಗಿನ ನಾರು, ಬೂದಿ ಹಿಡಿದು ಅಂಗಳಕ್ಕಿಳಿದು ಮೊದಲ ಕಲ್ಲಿನ ಪಾಚಿ ತಿಕ್ಕತೊಡಗಿದೆ. ಎರಡನೆಯ ಕಲ್ಲಿಗೆ ಬರುವಷ್ಟರಲ್ಲಿ ಸುಮಿತ್ರಾ ನೀರಿನ ಕೊಡ ತಂದು ಪಕ್ಕದಲ್ಲಿಟ್ಟು, ತಾನೂ ತಿಕ್ಕಲು ಕೂತಳು.