ಬಂದು ಹೋದ ಜ್ವರ

ಸವಡಿಯ ಆ ಓಣಿಯಲ್ಲಿ ಯಾರ ಮೈಮೇಲೆ ಗುಳ್ಳೆಗುಳ್ಳೆಯಾಗಿ ಅಮ್ಮ ಎದ್ದರೂ ಶಂಕ್ರವ್ವನಿಗೆ ಕರೆ ಬರುತ್ತಿತ್ತು. ಏಳು ವರ್ಷದವಳಿದ್ದಾಗ ಅಮ್ಮ ಆಕೆಯ ಮೈಮೇಲೂ ಎದ್ದು, ಕೆನ್ನೆಯಲ್ಲಿ ಜೋಳದ ಕಾಳಿನಷ್ಟು ಕಲೆ ಉಳಿಸಿ ಹೋಗಿದ್ದಳು. ಅಂದಿನಿಂದ ಐವತ್ತು ವರ್ಷ ಬೇವಿನ ತಪ್ಪಲು ಹಿಡಿದು ಬೇನೆಯವರ ಮಗ್ಗುಲಲ್ಲಿ ಕೂತರೂ ಒಮ್ಮೆಯೂ ಅಂಟಲಿಲ್ಲ. "ಬಂದು ಹೋದ ಮೈಗೆ ಹೊಳ್ಳಿ ಬರೂದಿಲ್ಲ" ಎಂಬ ಆಕೆಯ ಮಾತೇ ಓಣಿಗೆ ಶಾಸ್ತ್ರ.

ಹೋದ ವರ್ಷ ಸೊಸೆ ಕವಿತಾಗೆ ಡೆಂಗಿ ಬಂದು, ರೋಣದ ದವಾಖಾನೆಯಲ್ಲಿ ಸಲೈನ್ ಹಚ್ಚಿಸಿಕೊಂಡು ಎದ್ದು ಬಂದಿದ್ದಳು. ಈ ಮಳೆಗಾಲ ಓಣಿಗೆ ಮತ್ತೆ ಜ್ವರ ಹೊಕ್ಕಿತು. ಎದುರು ಮನೆಯ ಮುದುಕವ್ವ ಹಾಸಿಗೆ ಹಿಡಿದಳು. ಶಂಕ್ರವ್ವ ಆರು ವರ್ಷದ ಮೊಮ್ಮಗಳು ರಾಜೇಶ್ವರಿಯನ್ನು ಹೊಸ್ತಿಲು ದಾಟಗೊಡಲಿಲ್ಲ. ಆರೈಕೆಗೆ ಸೊಸೆಯನ್ನು ಕಳಿಸಿದಳು.

"ಅತ್ತಿ, ಎರಡನೇ ಸಲ ಬಂದ್ರ ಭಾಳ ಕೆಟ್ಟ ಅಂತ ದವಾಖಾನಿ ಆಶಾ ಅಕ್ಕಾರ ಹೇಳ್ಯಾರ್ರಿ. ಮುದುಕವ್ವಾರ ಹಿತ್ತಲದಾಗಿನ ಬ್ಯಾರಲ್ ತುಂಬ ಸೊಳ್ಳಿ ಹುಳ ಅದಾವ."

"ಹೇಳ್ತಾಳ, ಹೇಳ್ತಾಳ! ಆಕಿಗೆ ಹಲ್ಲ ಬರೂಕಿಂತ ಮೊದಲ ನಾ ಎಷ್ಟ ಮಂದಿ ಕಾದೇನಿ, ಕೇಳ ಹೋಗು. ನಿನಗ ಬಂದು ಹೋಗೇತಿ, ಮೈ ಕಬ್ಬಿಣ ಆಗೇತಿ. ನಡಿ, ಗಂಜಿ ಆರತೈತಿ."

ಕವಿತಾ ಗಂಜಿ ಹಿಡಿದು ಹೋದಳು. ಮುದುಕವ್ವ ಎದ್ದಳು. ವಾರದೊಳಗೆ ಕವಿತಾ ಜ್ವರ ಹಿಡಿದು ಮಲಗಿದಳು.

ನಾಲ್ಕನೆಯ ದಿನ ಮೈ ತಣ್ಣಗಾಯಿತು. "ನೋಡಿದ್ಯಾ? ಇಳೀತು!" ಎಂದು ಶಂಕ್ರವ್ವ, ಅಮ್ಮ ಇಳಿದವರಿಗೆ ಮಾಡುವಂತೆಯೇ, ಬೇವು ಹಾಕಿ ಕಾಯಿಸಿದ ನೀರೆರೆದಳು, ಮೊಸರನ್ನ ಕಲಸಿಟ್ಟಳು.

"ಹೊಟ್ಟಿ ಕಿವುಚತೈತ್ರಿ, ಅತ್ತಿ."

"ನಾಕ ದಿನ ಉಪವಾಸ ಅದೀ. ಉಣ್ಣು."

ಸಂಜೆಗೆ ಕವಿತಾಳ ವಸಡಿನಲ್ಲಿ ರಕ್ತ ಒಸರಿತು. ಮಗ ದುರಗೇಶ ಗಾಡಿ ಮಾಡಿಕೊಂಡು ಗದಗಿಗೆ ಒಯ್ದ.

"ಮೊದಲ ಯಾವಾಗರ ಡೆಂಗಿ ಬಂದಿತ್ತೇನ್ರಿ?" ಎಂದರು ಡಾಕ್ಟರು.

ಶಂಕ್ರವ್ವನ ಮುಖ ಅರಳಿತು. "ಹೌದ್ರಿ ಸಾಹೇಬ್ರ, ಬಂದು ಹೋಗೇತ್ರಿ! ಇದು ಅದಲ್ಲ ಬಿಡ್ರಿ."

"ಬಂದು ಹೋಗಿದ್ದಕ್ಕ ಇಷ್ಟ ಜೋರ ಆಗೇತವ್ವ. ಈ ಜ್ವರಕ್ಕ ನಾಕ ಜಾತಿ. ಒಂದು ಬಂದವರಿಗೆ ಇನ್ನೊಂದು ಬಂದ್ರ ಒಮ್ಮೊಮ್ಮೆ ಹಿಂಗಾಗ್ತೈತಿ. ಜ್ವರ ಇಳಿಯೂ ಹೊತ್ತನ ಅಪಾಯದ್ದು, ಇಳಿದ ಕೂಡ್ಲೇ ಕರಕೊಂಡ ಬರಬೇಕಿತ್ತು."

ಮರುದಿನ ಮಧ್ಯಾಹ್ನ ಕವಿತಾ ಹೋದಳು.

ತಿಂಗಳೊಳಗೆ ರಾಜೇಶ್ವರಿಗೂ ಡೆಂಗಿ ಬಂತು. ಶಂಕ್ರವ್ವ ಬೇವು ಮುಟ್ಟಲಿಲ್ಲ. ಐದು ದಿನ ದವಾಖಾನೆಯ ಬೆಂಚಿನ ಮೇಲೆ ಕೂತು, ಕೂಸನ್ನು ಉಳಿಸಿಕೊಂಡು ಬಂದಳು. ಮುದುಕವ್ವ ಬಂದು ದೃಷ್ಟಿ ತಾಗದಂತೆ ಹುಡುಗಿಗೆ ನೆಟಿಕೆ ತೆಗೆದಳು.

"ಇನ್ನ ಚಿಂತಿಲ್ಲ ಬಿಡ, ಶಂಕ್ರವ್ವಾ. ಬಂದು ಹೋತು. ಹೊಳ್ಳಿ ಬರೂದಿಲ್ಲ ಅಂತ ನೀನ ಹೇಳ್ತಿದ್ದೆಲ್ಲ."

ಶಂಕ್ರವ್ವ ಎದ್ದಳು. ದಾರಿ ದಾಟಿ, ಮುದುಕವ್ವನ ಹಿತ್ತಲಿಗೆ ಹೋಗಿ, ತುಂಬಿದ ಬ್ಯಾರಲನ್ನು ಎರಡೂ ಕೈಯಿಂದ ಕೆಡವಿದಳು.

"ಹುಚ್ಚ ಹಿಡಿದೈತೇನ ನಿನಗ? ನಳ ಬರಾಕ ಇನ್ನ ಐದ ದಿನ ಐತಿ!"

"ಹೊಳ್ಳಿ ಬರ್ತೈತಿ, ಮುದುಕವ್ವಾ. ನಾ ಹೇಳಿದ್ದು ಸುಳ್ಳು."

"ಪಾಪ, ಸೊಸಿ ಹೋದ ಮ್ಯಾಲ ತಲಿ ಕೆಟ್ಟೈತಿ" ಎಂದಿತು ಓಣಿ. ಸಂಜೆಯೊಳಗೆ ಮನೆಗೊಂದು ಕೊಡದಂತೆ ನೀರು ತಂದು ಸುರಿದು, ಮುದುಕವ್ವನ ಬ್ಯಾರಲನ್ನು ಮತ್ತೆ ತುಂಬಿಸಿಕೊಟ್ಟರು.